ಭಯ ಎಷ್ಟು ಎಂಬ ಪ್ರಶ್ನೆ

"ಅಷ್ಟು ಬಿಗೀಬೇಡ ಚಿಕ್ಕಮ್ಮ, ಅಮ್ಮನಿಗೆ ನೋಯುತ್ತೆ," ಎಂದಳು ಮಗಳು.

ತೀರಿಕೊಂಡ ಅಕ್ಕನ ಗಲ್ಲದಡಿ ಬಟ್ಟೆ ಕಟ್ಟುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಇನ್ನೆಲ್ಲಿಯ ನೋವು ಎಂದು ಗದರದೆ ಗಂಟನ್ನು ತುಸು ಸಡಿಲಿಸಿದಳು. ಮಗಳು ಗೋಡೆಯ ಕಡೆ ಸರಿದಳು. ಬೆಳಿಗ್ಗೆ ಅಳಲು ಬಾಯಿ ತೆರೆದಾಗ ಅಮ್ಮನಿಗೆ ಆಗುತ್ತಿದ್ದಂತೆ ತನ್ನ ಕಿವಿಯ ಬುಡದಲ್ಲೂ ದವಡೆ ಟಕ್ಕೆಂದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಮ್ಮ ಬಸ್ ನಿಲ್ದಾಣದ ಗಾಜಿನ ಗೂಡಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೊತ್ತು ಸಾರುತ್ತಿದ್ದವಳು. ನೋಡಲು ಬಂದ ಕಂಡಕ್ಟರುಗಳಿಗೆ ಅವಳ ದನಿ ಗೊತ್ತಿತ್ತು, ಮುಖ ಅಷ್ಟಾಗಿ ಗೊತ್ತಿರಲಿಲ್ಲ. ಹೊರಗೆ ಅಪ್ಪ ಬಂದವರಿಗೆಲ್ಲ ಒಂದನ್ನೇ ಹೇಳುತ್ತಿದ್ದರು: ಹೋದದ್ದು ಹೃದಯ ನಿಂತು, ದವಡೆ ನೋವು ಅಂತಿದ್ದದ್ದೆಲ್ಲ ಬರೀ ಮನಸ್ಸಿನದು, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಬಿಗುಮಾನದವಳು, ನಮ್ಮ ಜೊತೆ ಕೂತು ಉಂಡವಳೇ ಅಲ್ಲ.

ಆ ಹೊತ್ತಿಗೆ ಆಸ್ಪತ್ರೆಯ ಹೆಂಗಸೊಬ್ಬಳು ಬಂದಳು. ದವಡೆಯ ಕೀಲು ಕೆಟ್ಟವರ ಕಷ್ಟವನ್ನು ಅವರ ಬಾಯಿಂದಲೇ ಕೇಳಿ ಅಳೆಯುವುದು ಅವಳ ಕೆಲಸ.

*

ಹಿಂದಿನ ವರ್ಷ, ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ನೋವು ಹತ್ತಕ್ಕೆ ಎಷ್ಟು ಎಂದು ಅವಳು ಅಮ್ಮನನ್ನು ಕೇಳಿದ್ದಳು. ಮೂರು, ಎಂದಿದ್ದಳು ಅಮ್ಮ. ಅಷ್ಟೇ ಆದರೆ ಮತ್ತೆ ಮತ್ತೆ ಯಾಕೆ ಬರುತ್ತೀರಿ ಎಂದಿದ್ದಕ್ಕೆ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ್ದಳು.

"ನೋವು ತಡ್ಕೋಬಹುದು. ತೆಗೆದ ಬಾಯಿ ಮುಚ್ಚದೇ ಹೋದ್ರೆ? ಒಂದ್ಸಲ ಹಾಗಾಯ್ತು. ಆಕಳಿಸಿದೆ, ಸಿಕ್ಕಾಕ್ಕೊಂಡ್ಬಿಡ್ತು. ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದೆ, ಜೊಲ್ಲು ಸುರೀತಿತ್ತು. ಹೊರಗಿಂದ ಇವರು ಕೂಗ್ತಾನೇ ಇದ್ರು. ಏನಂತ ಓಗೊಡ್ಲಿ?"

ಬಚ್ಚಲಲ್ಲಿ ಕೂತ ಆ ದಿನದಿಂದ ಅಮ್ಮ ಬಾಯ್ತುಂಬ ನಗುವುದನ್ನು ಬಿಟ್ಟಳು. ಎಲ್ಲರೂ ಉಂಡೆದ್ದ ಮೇಲೆ ಒಬ್ಬಳೇ ಉಂಡಳು. ಮೈಕಿನ ಗುಂಡಿ ಒತ್ತುವಾಗೆಲ್ಲ ಗಾಜಿನಾಚೆಯ ಅಷ್ಟೂ ಜನರ ಮುಂದೆ ಬಾಯಿ ಹಾಗೇ ನಿಂತುಬಿಟ್ಟರೆ ಎಂದು ಅಂಗೈ ಬೆವರುತ್ತಿತ್ತು. ಮನೆಯಲ್ಲಿ ಹೇಳಲು ತನ್ನಿಂದಾಗದು, ನೀವೇ ಒಮ್ಮೆ ಬಂದು ಹೇಳಿ ಎಂದು ಕೇಳಿಕೊಂಡಿದ್ದಳು.

*

ಆಸ್ಪತ್ರೆಯವಳು ಅಂಗಳದ ಮೂಲೆಯಲ್ಲಿ ಇದನ್ನೆಲ್ಲ ಅಪ್ಪನಿಗೂ ಮಗಳಿಗೂ ಹೇಳಿದಳು. ಇವತ್ತು ನಾಳೆ ಎನ್ನುತ್ತ ಬರುವುದು ತಡವಾಯಿತು ಎಂದಳು.

"ನಾವು ನೋವೆಷ್ಟು ಅಂತಷ್ಟೇ ಕೇಳ್ತಿದ್ವಿ. ಭಯ ಎಷ್ಟು ಅಂತ ಎಲ್ಲರನ್ನೂ ಕೇಳೋಕೆ ಶುರು ಮಾಡಿದ್ದು ನಿಮ್ಮನೆಯವರು ಹೇಳಿದ್ಮೇಲೆ."

ಅಪ್ಪ ಬಚ್ಚಲಿನ ಬಾಗಿಲ ಕಡೆ ತಿರುಗಿದರು.

"ಅವತ್ತು ಬಾಗಿಲಿಗೆ ಒದ್ದೆ ನಾನು," ಎಂದರು. "ಕೊಬ್ಬು ಅಂದ್ಕೊಂಡೆ."

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯವರು ಚಹಾ, ಬ್ರೆಡ್ಡು ತಂದಿಟ್ಟರು. ಮಗಳು ತಟ್ಟೆ ಎತ್ತಿಕೊಂಡು ಗೋಡೆಗೆ ಮುಖಮಾಡಿ ಕೂತಳು. ಬ್ರೆಡ್ಡಿನ ಚೂರೊಂದನ್ನು ಚಿವುಟಿ, ಹಲ್ಲು ಬಿಚ್ಚಿಯೂ ಬಿಚ್ಚದಂತೆ ಒಳಗೆ ತಳ್ಳಿ, ಒಂದೇ ಕಡೆಯಿಂದ ಅಗಿದಳು. ಲೋಟ ಹಿಡಿದಿದ್ದ ಅಪ್ಪ ಕುಡಿಯುವುದನ್ನು ಮರೆತು ನೋಡುತ್ತಿದ್ದರು.

"ನಿಂಗೆ ಯಾವಾಗಿಂದ?"

ಅವಳು ತುಟಿ ಬಿಗಿಹಿಡಿದು ತಿರುಗಿದಳು. ಕಣ್ಣು ಮಾತ್ರ ದೊಡ್ಡದಾಗಿತ್ತು.

ಅಪ್ಪ ಹತ್ತಿರ ಬಂದು ನೆಲಕ್ಕೆ ಕೂತು, ಅವಳ ತಟ್ಟೆಯನ್ನು ತಮ್ಮ ತೊಡೆಗೆಳೆದುಕೊಂಡು, ಬ್ರೆಡ್ಡನ್ನು ಮುರಿಯತೊಡಗಿದರು. ಮುರಿದದ್ದನ್ನೇ ಮತ್ತೆ ಮುರಿದರು, ಇನ್ನೂ ಸಣ್ಣಗೆ.