ತೆಂಗಿನ ಪಾತಿಯ ಟೊಮೆಟೊ

ನಮ್ಮ ಹಿತ್ತಲಿನಲ್ಲಿ ಈ ವರ್ಷ ಇದ್ದದ್ದು ಒಂದೇ ಒಂದು ನಾಟಿ ಟೊಮೆಟೊ ಗಿಡ. ಮೈತುಂಬ ಗೀರು ಬಿದ್ದ ಹುಳಿಹಣ್ಣಿನ ಜಾತಿ, ನಮ್ಮತ್ತೆಯ ಕಾಲದಿಂದ ಬಂದದ್ದು. ಹೋದ ವರ್ಷ ಬಿಡದೆ ಹಿಡಿದ ಮಳೆಗೆ ಗಿಡಗಳೆಲ್ಲ ಕೊಳೆತವು. ಡಬ್ಬಿಯ ತಳದಲ್ಲಿ ಅಂಟಿಕೊಂಡಿದ್ದ ಹಳೇ ಬೀಜ ಬಿತ್ತಿದಾಗ ಹುಟ್ಟಿದ್ದು ಇದೊಂದೇ. ಶೆಟ್ಟಿಕೆರೆಯ ಸುತ್ತ ವಿಚಾರಿಸಿದೆ, ಯಾರಲ್ಲೂ ಉಳಿದಿರಲಿಲ್ಲ. ಒಂದು ಹಣ್ಣಾದರೂ ಗಿಡದಲ್ಲೇ ಮಾಗಿ ಬೀಜ ಬಲಿಯದಿದ್ದರೆ ಆ ಜಾತಿ ನಮ್ಮ ಪಾಲಿಗೆ ಮುಗಿದಂತೆ.

ಅದನ್ನು ನೆಟ್ಟಿದ್ದು ತೆಂಗಿನ ಪಾತಿಯ ಅಂಚಿನಲ್ಲಿ. ನಮ್ಮ ಕಡೆ ಸೊಪ್ಪು, ಮೆಣಸಿನಗಿಡ ಎಲ್ಲವನ್ನೂ ಅಲ್ಲೇ ಹಾಕುವುದು. ಮರಕ್ಕೆ ಬಿಟ್ಟ ನೀರೇ ಸಾಕಾಗುತ್ತದೆ. ನೀರೆಲ್ಲಿದೆ ಎಂದು ಕೆಳಗೆ ನೋಡುತ್ತೇವೆಯೇ ಹೊರತು ಮೇಲೇನಿದೆ ಎಂದು ನೋಡುವುದಿಲ್ಲ. ಲಕ್ಕಯ್ಯ ಕಾಯಿ ಕೆಡವಲು ಉದ್ದನೆಯ ದೋಟಿ ಹೊತ್ತು ಬಂದಾಗಲೇ ನಾನು ಮೇಲೆ ನೋಡಿದ್ದು. ಗಿಡದ ನೇರಕ್ಕೆ ಬಲಿತ ಗೊನೆ ತೂಗುತ್ತಿತ್ತು.

"ಲಕ್ಕಯ್ಯ, ಈ ಮರ ಒಂದು ಬಿಟ್ಟುಬಿಡಪ್ಪ."

"ಬುಟ್ರೆ ಅದೇ ಬೀಳ್ತದೆ ಅಮ್ಮಾವ್ರೆ. ನಾನಾದ್ರೆ ಹೇಳಿ ಕೆಡವ್ತೀನಿ, ಅದು ಹೇಳ್ದೇ ಬೀಳ್ತದೆ. ಗಿಡದ ಮ್ಯಾಲೋ, ನಿಮ್ಮ ತಲೆ ಮ್ಯಾಲೋ!"

ಸೊಸೆ ಗಾನವಿ ನಗು ತಡೆದುಕೊಂಡು, "ಕಿತ್ತು ಬೇರೆ ಕಡೆ ನೆಟ್ಟರೆ, ಅತ್ತೆ?" ಎಂದಳು.

"ಕಾಯಿ ಕಚ್ಚಿದೆ ಕಣೇ. ಈಗ ಬೇರು ಅಲುಗಿದ್ರೆ ಎಲ್ಲಾ ಉದುರಿಸಿಬಿಡುತ್ತೆ."

"ಒಂದ್ ಗಿಡಕ್ಕೆ ಈಪಾಟಿ ರಗಳೆ!" ಎಂದ ಲಕ್ಕಯ್ಯ. "ಸಂತೇಲಿ ರಾಶಿ ಸುರ್ದವ್ರೆ. ತಂದ್ಕೊಡ್ಲಾ?"

"ಸಂತೇದು ನನಗೆ ಬೇಡ. ನೀನು ಕೆಡವು, ಗಿಡ ನಾನು ನೋಡ್ಕೋತೀನಿ."

ನಾನೂ ಗಾನವಿಯೂ ಜಗಲಿಯ ಮರದ ಮಂಚವನ್ನು ಎಳೆದು ತಂದು ಗಿಡ ಅಡಿಗೆ ಬರುವಂತೆ ನಿಲ್ಲಿಸಿದೆವು. ಅದರ ಮೇಲೆ ಕಾಯಿ ಸುಲಿದ ತೆಂಗಿನ ಮಟ್ಟೆ ಹೇರತೊಡಗಿದೆವು. ಮೂರನೇ ಬುಟ್ಟಿಗೆ ನನಗೆ ಉಸಿರು ಸಿಕ್ಕಿಕೊಂಡಿತು. ಲಕ್ಕಯ್ಯ ದೋಟಿ ಕೆಳಗಿಟ್ಟು ಬುಟ್ಟಿ ಇಸಿದುಕೊಂಡ. ಆಮೇಲೆ, ಗೊನೆಗೆ ಗೊನೆಯೇ ಕತ್ತರಿಸುವವನು ಆ ಮರದಲ್ಲಿ ಮಾತ್ರ ಒಂದೊಂದೇ ಕಾಯನ್ನು ಆಚೆಗೆ ಎಳೆದು ಕೆಡವಿದ. ಬಿಸಿಲಿಗೆ ಮುಖವೊಡ್ಡಿ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದೆರಡು ಕಾಯಿ ಮಟ್ಟೆಯ ಮೇಲೆ ಧೊಪ್ಪೆಂದು ಬಿದ್ದು ಪುಟಿದವು.

ಕಾಯಿಗೆ ಕಾವಲು ಹಾಕಿದ್ದೆವು, ಒಣಗರಿಯನ್ನು ಯಾರೂ ನೆನೆದಿರಲಿಲ್ಲ. ಕೊನೆಯಲ್ಲಿ ಒಂದು ಗರಿ ಕಳಚಿ, ಮರದ ಮೈಗೇ ಜಾರಿಕೊಂಡು ಬಂದು, ಅದರ ದಪ್ಪ ಬುಡ ಮಂಚದ ಅಡಿಗೆ ನುಗ್ಗಿತು. ತೆಗೆದು ನೋಡಿದರೆ ಗಿಡದ ಕಾಂಡ ಸೀಳಿ ನೆಲಕ್ಕೆ ಮಲಗಿತ್ತು.

"ಹೋಯ್ತಲ್ಲಾ ಅಮ್ಮಾವ್ರೆ," ಎಂದ ಲಕ್ಕಯ್ಯ, ತಾನೇ ಮುರಿದವನಂತೆ.

"ಹೋಗಿಲ್ಲ. ಇನ್ನೂ ಸಿಪ್ಪೆ ಹಿಡಿದುಕೊಂಡಿದೆ, ನೋಡು."

ಸೀಳಿದ ಕಡೆ ಗರಿಕಡ್ಡಿ ಒತ್ತುಕೊಟ್ಟು ಹಳೇ ಸೀರೆಯ ಅಂಚಿನಿಂದ ಸುತ್ತಿದೆ. ನೆಲಕ್ಕೆ ತಾಗಿದ ಕಾಂಡದ ಮೇಲೆ ಮಣ್ಣು ಏರಿಸಿದೆ. ಟೊಮೆಟೊ ಕಾಂಡ ಮಣ್ಣು ಮುಟ್ಟಿದಲ್ಲಿ ಬೇರು ಬಿಡುತ್ತದೆ, ಬಿಡಲೇಬೇಕು ಎಂದುಕೊಂಡೆ. ಎಲೆಗಳು ಬಾಡಿದವು. ಕಾಯಿಗಳು ಒಂದೊಂದಾಗಿ ಉದುರಿದವು. ನಾನು ದಿನಾ ಚೊಂಬಿನಲ್ಲಿ ನೀರು ಹಾಕುವುದನ್ನು ಬಿಡಲಿಲ್ಲ. ಗಾನವಿ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೂ ನೆರಳಿಗೆ ಕಟ್ಟಿದ್ದ ಗೋಣಿಚೀಲವನ್ನು ಸರಿಮಾಡಿ ಹೋಗುತ್ತಿದ್ದಳು. ನನಗೆ ಹೇಳುತ್ತಿರಲಿಲ್ಲ.

ಕೊನೆಗೆ ತುದಿಯಲ್ಲಿ ಹೊಸ ಚಿಗುರು ಕಂಡಿತು. ಒಂದೇ ಒಂದು ಕಾಯಿ ಉಳಿಯಿತು. ಅದು ಬಣ್ಣ ತಿರುಗಿದಾಗ ಅಳಿಲು ಮುಟ್ಟದಂತೆ ಬಟ್ಟೆ ಕಟ್ಟಿದೆ. ಕೆಂಪಾದರೂ ಕೀಳಲಿಲ್ಲ. ಮುಟ್ಟಿದರೆ ಮೆತ್ತಗಾಗುವ ತನಕ ಕಾದು, ಕೊಯ್ದು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿದೆ. ಬೀಜ ಗಟ್ಟಿಯಾಗಿ ಬಲಿತಿತ್ತು.

ಲಕ್ಕಯ್ಯ ಮುಂದಿನ ಸಲ ಕಾಯಿ ಕೆಡವಲು ಬಂದಾಗ ತೋರಿಸಿದೆ. ತಟ್ಟೆಯ ಮೇಲೆ ಬಗ್ಗಿ, ಉಸಿರು ತಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ.

"ನಂಗೂ ವಸಿ ಕೊಡ್ತೀರಾ? ನಮ್ಮ ಮನೇತಾವ ಒಂದು ತೆಂಗಿನ ಮರಾನೂ ಇಲ್ಲ. ಬರೀ ಬಿಸ್ಲು."

ಅರ್ಧ ಬೀಜ ಕಾಗದದಲ್ಲಿ ಕಟ್ಟಿ ಅವನಿಗೆ ಕೊಟ್ಟೆ. ಇನ್ನರ್ಧಕ್ಕೆ ಗೇಟಿನ ಪಕ್ಕ, ಮೇಲೆ ಮರವಿಲ್ಲದ ಬಯಲಲ್ಲಿ ಮಡಿ ಮಾಡಬೇಕಿತ್ತು. ಅಲ್ಲಿಗೆ ಕೊಳವೆ ಇಲ್ಲ, ನೀರು ಹೊರಬೇಕು. ಗಾನವಿಗೆ ಇನ್ನೊಂದು ಬಿಂದಿಗೆ ತರಲು ಹೇಳಿ ಗುದ್ದಲಿ ಎತ್ತಿಕೊಂಡೆ.