ಎರಡರಲ್ಲಿ ಒಂದು

"ಇಷ್ಟೇ ಹೆಸರಾ?" ನವನೀತನ್ ಕೃತ್ತಿಕಾಳ ಕುರ್ಚಿಯ ಹಿಂದೆ ನಿಂತು ಕಂಪ್ಯೂಟರಿಗೆ ಬಗ್ಗಿದರು. ತಿರುಪ್ಪೂರಿನ ಆ ಬನಿಯನ್ ಕಂಪನಿಗೆ ಅವರು ಮ್ಯಾನೇಜರು. ಆರ್ಡರು ಬತ್ತಿ, ಅರ್ಧ ಹೊಲಿಗೆ ಮೆಷಿನುಗಳು ಮುಸುಕು ಹೊದ್ದಿದ್ದವು. ಯಾರನ್ನು ಮನೆಗೆ ಕಳಿಸುವುದೆಂದು ಮುಖ ನೋಡಿ ಹೇಳುವ ಪಾಪ ತನಗೆ ಬೇಡವೆಂದು ಅವರು ಅದನ್ನು ಎಕ್ಸೆಲ್‌ಗೆ ಒಪ್ಪಿಸಿದ್ದರು. ಪಾಪಕ್ಕೊಂದು ಫಾರ್ಮುಲಾ ಸಿಕ್ಕಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

"ಇದು ‘ಆ್ಯಂಡ್’ ಸಾರ್. ರಜೆಯೂ ಜಾಸ್ತಿ, ಕೆಲಸವೂ ನಿಧಾನ ಅಂದರೆ ಮಾತ್ರ ಹಿಡಿಯುತ್ತೆ. ‘ಆರ್’ ಹಾಕಿದರೆ ಎರಡರಲ್ಲಿ ಒಂದಿದ್ದರೂ ಸಾಕು, ತುಂಬ ಜನ ಬರ್ತಾರೆ," ಎಂದಳು ಕೃತ್ತಿಕಾ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚೇ ಹೇಳಿದಳು. ಸಂಜೆ ಕ್ಲಾಸಿಗೆ ಹೋಗಿ ಕಲಿತ ವಿದ್ಯೆ, ಈ ಕುರ್ಚಿ ಸಿಕ್ಕಿದ್ದೇ ಅದರಿಂದ.

"ಹಾಗಾದರೆ ಅದನ್ನೇ ಹಾಕಮ್ಮ," ಎಂದರು ಅವರು. ಆಫೀಸಿನ ಮಾತೆಲ್ಲ ತಮಿಳಿನಲ್ಲೇ.

ಹಾಕಿದಳು. ಹೆಸರುಗಳ ಪಕ್ಕದಲ್ಲಿ ‘ಬೇಡ’ ಎಂಬ ಕೆಂಪು ಪದ ಮೇಲಿಂದ ಕೆಳಗೆ ಇಳಿಯಿತು. ಚೆಕಿಂಗ್ ಸೆಕ್ಷನ್ನಿನ ಸಾಲಿನಲ್ಲಿ ಕಾಮಾಕ್ಷಿಯಮ್ಮ: ಬೇಡ. ಅವಳ ಅಮ್ಮ.

ಬಟ್ಟೆಯಲ್ಲಿ ಯಾರ ಕಣ್ಣಿಗೂ ಬೀಳದ ತೂತು ಅಮ್ಮನ ಬೆರಳಿಗೆ ಸಿಗುತ್ತಿತ್ತು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕನ್ನಡ ಮಾತಾಡುವ ನೇಯ್ಗೆಯವರ ಮನೆಯವಳು. ಮಗ್ಗ ಮಾರಿ ತಮ್ಮ ಊರು ಕರುಮತ್ತಂಪಟ್ಟಿ ಬಿಟ್ಟು ಬಂದ ಮೇಲೂ ಅಮಾವಾಸ್ಯೆಯ ದಿನ ನೂಲು ಮುಟ್ಟುತ್ತಿರಲಿಲ್ಲ. ತಪ್ಪದೆ ತಿಂಗಳಿಗೊಂದು ರಜೆ; ‘ರಜೆ ಜಾಸ್ತಿ’ ಅನ್ನಿಸಿಕೊಳ್ಳಲು ಅಷ್ಟೇ ಸಾಕಾಯಿತು. ಹಿರಿಯರು ಮಗ್ಗಕ್ಕೆ ಕೊಟ್ಟ ಬಿಡುವು ಫಾರ್ಮುಲಾಕ್ಕೇನು ಗೊತ್ತು?

"ಸಾರ್, ಇವರು ನಮ್ಮಮ್ಮ. ಮೊದಲಿನ ಹಾಗೆ ‘ಆ್ಯಂಡ್’ ಇರಲಿ ಸಾರ್..."

"ಆಮೇಲೆ ಪಟ್ಟಿಯಲ್ಲಿರೋ ರಾಮಾತಾಳ್ ಬಂದು ಅತ್ತರೆ? ಕರುಪ್ಪುಸಾಮಿ ಬಂದರೆ? ಇದು ನಾನು ಮಾಡಿದ್ದಲ್ಲಮ್ಮ, ಫಾರ್ಮುಲಾ ಮಾಡಿದ್ದು. ಪ್ರಿಂಟ್ ತೆಗಿ. ಬೆಳಿಗ್ಗೆ ಗೇಟಿನಲ್ಲಿ ಅಂಟಿಸಬೇಕು."

"ಸರಿಂಗ ಸಾರ್," ಎಂದಿತು ಅವಳ ಬಾಯಿ. ‘ಆರ್’ ಹೇಳಿಕೊಟ್ಟ ಆ ಬಾಯನ್ನೇ ಹೊಲಿದುಬಿಡಬೇಕು ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಂಜೆ ಕಂಪನಿ ಬಸ್ಸಿನಲ್ಲಿ ಅಮ್ಮ ಊಟದ ಚೀಲವಿಟ್ಟು ಅವಳಿಗೆ ಸೀಟು ಹಿಡಿದಿದ್ದಳು.

"ಯಾಕ್ ನನ್ ಕಣ್ಣು, ಮೊಕ ಹಿಂಗೈತೆ?"

"ಏನಿಲ್ಲಮ್ಮ."

"ನಾಳಿಕ್ಕಿ ಅಮಾಸೆ. ಲೀವು ಹಾಕಲ್ಲ, ವೇಲೆಗೆ ಬತ್ತೀನಿ. ಆಪೀಸಲ್ಲಿ ಕುಂತಿರೋಳು ನೀನು, ನನ್ನಿಂದ ನಿಂಗ್ಯಾಕೆ ಕೆಟ್ಟೆಸರು? ಸಾಮಿ ಹತ್ರ ಕೇಳ್ಕಂಡೆ. ಇದೊಂದು ತಪ್ಪು ಮನ್ನಿಸಪ್ಪ ಅಂತ."

ಹೇಳಬೇಕು, ಈಗಲೇ ಹೇಳಬೇಕು ಎಂದು ಕೃತ್ತಿಕಾ ಒದ್ದಾಡಿದಳು. ಅಮ್ಮ ಸೀರೆಗೆ ಅಂಟಿದ್ದ ನೂಲಿನ ತುಣುಕುಗಳನ್ನು ಬಿಡಿಸುತ್ತಾ ಕುಳಿತಳು. ಯಾರ ಕಾಲಿಗೂ ಸಿಗಬಾರದೆಂದು ಅವನ್ನು ಬೆರಳಿಗೆ ಸುತ್ತಿ, ಕಣ್ಣಿಗೊತ್ತಿಕೊಂಡು, ಚೀಲದೊಳಗೆ ಹಾಕಿಕೊಂಡಳು.