ಕೆನ್ನೆಯ ಮಚ್ಚೆ

“ಮಚ್ಚೆ ಎಲ್ಲೋ ನಿಂದು? ಬರುವಾಗ ತೊಳ್ದುಕೊಂಡು ಬಂದ್ಯಾ, ಬೇವರ್ಸಿ?”

ಟೆರೆನ್ಸ್ ಗದ್ದ ಹಿಡಿದು ಕೂಲಿಯಾಳು ಅಪ್ಪಯ್ಯನ ಮುಖವನ್ನು ಟ್ಯೂಬ್‌ಲೈಟಿಗೆ ತಿರುಗಿಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಮೇಜಿನಾಚೆ ಪಾಸ್‌ಪೋರ್ಟ್ ನವೀಕರಣದ ಕ್ಯಾಂಪಿಗೆ ಬಂದಿದ್ದ ರಾಯಭಾರ ಕಚೇರಿಯ ಸಾಹೇಬ ಅರ್ಜಿ ಹಿಡಿದು ಕಾಯುತ್ತಿದ್ದ. ಮೈಮೇಲಿನ ಗುರುತು: ಎಡಗೆನ್ನೆಯಲ್ಲಿ ಮಚ್ಚೆ. ಕೆನ್ನೆಯಲ್ಲಿ ಬಿಸಿಲು ಕುಡಿದ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.

ಟೆರೆನ್ಸ್ ಕಂಪನಿಯ ಗುಮಾಸ್ತ. ಗಲ್ಫಿನ ಈ ದುಖಾನ್ ಊರಿನ ರಸ್ತೆಗೆ ಡಾಂಬರು ಹಾಕುವವರ ಅರ್ಜಿಗಳನ್ನೆಲ್ಲ ಅವನೇ ತುಂಬಿದ್ದು. ಒಬ್ಬೊಬ್ಬರ ಮೈ ನೋಡುವ ಪುರುಸೊತ್ತು ಯಾರಿಗುಂಟು? ಎಲ್ಲರಿಗೂ ಎಡಗೆನ್ನೆಯಲ್ಲಿ ಮಚ್ಚೆ ಎಂದು ಗೀಚಿದ್ದ.

ಕಾಲರಿನ ಅಂಗಿ ಇಲ್ಲದವರನ್ನು ಮೇಜಿನ ಹತ್ತಿರ ಬಿಡುವುದಿಲ್ಲವೆಂದೂ ಅವನೇ ಹೇಳಿದ್ದ. ಅವರು ಮಲಗುವ ಕೋಣೆಗೆಲ್ಲ ಸೇರಿ ಇದ್ದದ್ದು ಜತೆಗಾರ ಮೊಯ್ದಿನ್ ಕುಂಞಿಯ ಒಂದೇ ಬಿಳಿ ಅಂಗಿ. ಫೋಟೊಕ್ಕೂ ಅದೇ, ಮೇಜಿಗೂ ಅದೇ. ಕೆಲಸ ಮುಗಿಸಿದವನು ಬಿಚ್ಚಿ ಸಾಲಿನಲ್ಲಿ ತನ್ನ ಹಿಂದೆ ನಿಂತವನಿಗೆ ಕೊಡಬೇಕು. ಮೊದಲ ಸರದಿ ಅಪ್ಪಯ್ಯನದು.

“ಪೊರ್ಬುಗಳೇ, ನಂಗೆ ಮಚ್ಚೆ ಇಲ್ಲ,” ಅಂದ ಅಪ್ಪಯ್ಯ. ಊರಿನಲ್ಲಿ ಕ್ರಿಸ್ತುವರ ಮನೆಯ ಒಡೆಯರನ್ನು ಅವನ ಅಪ್ಪ ಕರೆಯುತ್ತಿದ್ದದ್ದು ಹಾಗೆ. ಗಲ್ಫಿಗೆ ಬಂದರೂ ಅದು ನಾಲಗೆ ಬಿಟ್ಟಿರಲಿಲ್ಲ.

“ಇಲ್ಲದಿದ್ರೆ ಇಡುವ. ಅದಕ್ಕೆಂತ?”

ಟೆರೆನ್ಸ್ ಜೇಬಿನಿಂದ ಪೆನ್ನು ತೆಗೆದು ಸಾಲಿನ ಕೊನೆಗೆ ಹೋದ. ಒಬ್ಬೊಬ್ಬರ ಗದ್ದ ಎತ್ತಿ ಕೆನ್ನೆಗೆ ಒಂದೊಂದು ಚುಕ್ಕೆ ಒತ್ತುತ್ತಾ ಬಂದ. “ಯಲ್ಲಾ, ಯಲ್ಲಾ, ಬೇಗ. ಮದುಮಗಳಿಗೆ ದೃಷ್ಟಿಬೊಟ್ಟು ಇಡ್ಲಿಕ್ಕೂ ಇಷ್ಟು ಹೊತ್ತು ಬೇಡ.” ಯಾರೋ ನಕ್ಕರು. ಮೊಯ್ದಿನ್ ಕುಂಞಿ ಕಣ್ಣು ಮುಚ್ಚಿಕೊಂಡು ಇಡಿಸಿಕೊಂಡ. ಸಾಹೇಬ ಮೊಬೈಲು ನೋಡುತ್ತಿದ್ದ.

ಪೆನ್ನು ಅಪ್ಪಯ್ಯನ ಕೆನ್ನೆಯ ಹತ್ತಿರ ಬಂದಾಗ ಅವನು ಮುಖ ಹಿಂದೆಳೆದ.

“ನಂಗೆ ಗುರುತು ಬೇರೆ ಉಂಟು.”

ಗುಂಡಿ ಕಳಚಿ ಅಂಗಿ ತೆಗೆದು ಮೇಜಿಗೆ ಬೆನ್ನು ಮಾಡಿದ. ಹೆಗಲಿನಿಂದ ಸೊಂಟದವರೆಗೆ ಚರ್ಮ ಕರಗಿ ಮುದ್ದೆ ಕಟ್ಟಿತ್ತು. ಸಾಹೇಬ ಮೊಬೈಲು ಕೆಳಗಿಟ್ಟ. ಏನಾದದ್ದು ಎಂದು ಹಿಂದಿಯಲ್ಲಿ ಕೇಳಿದ.

“ಬಾತ್‌ರೂಮಿನಲ್ಲಿ ಜಾರಿ ಬಿಸಿನೀರಿಗೆ ಬಿದ್ದದ್ದು ಸರ್,” ಟೆರೆನ್ಸನೇ ಹಿಂದಿಯಲ್ಲಿ ಹೇಳಿದ. ಅಪಘಾತದ ದಿನ ಆಸ್ಪತ್ರೆಯ ಕಾಗದಕ್ಕೂ ಅವನು ಹೀಗೇ ಬರೆಸಿದ್ದ.

“ನೈ ಸಾಬ್,” ಅಪ್ಪಯ್ಯ ತನಗೆ ಬಂದಷ್ಟು ಹಿಂದಿ ಹುಡುಕಿದ. “ಡಾಂಬರ್. ಗರಮ್. ಕಂಪನಿ ಕಾ ಡ್ರಮ್.”

ಸಾಹೇಬ ಬೆನ್ನನ್ನೊಮ್ಮೆ, ಅರ್ಜಿಯನ್ನೊಮ್ಮೆ ನೋಡಿದ. ಆಮೇಲೆ, ಹಾಗೆ ಬರೆಯಬೇಕಾದರೆ ಕಂಪನಿಯ ಪತ್ರ ಬೇಕು, ಇಲ್ಲದಿದ್ದರೆ ಅರ್ಜಿಯಲ್ಲಿದ್ದ ಗುರುತು ಮುಖದಲ್ಲಿರಬೇಕು ಎಂದು ಅರ್ಜಿಯನ್ನು ಬದಿಗೆ ಸರಿಸಿದ.

ಟೆರೆನ್ಸ್ ಅಪ್ಪಯ್ಯನ ಕಿವಿಗೆ ಬಗ್ಗಿದ. “ಪತ್ರ ಕೊಡುವವ ನಾನೇ, ಗೊತ್ತುಂಟಲ್ಲ? ಊರಲ್ಲಿ ನಮ್ಮ ಅಂಗಳದಾಚೆ ನಿಲ್ಲುವ ಜಾತಿ, ಇಲ್ಲಿ ಬಂದು ಸಾಹೇಬರ ಹತ್ರ ಹಿಂದಿ ಮಾತಾಡ್ತದೆ. ಪಾಸ್‌ಪೋರ್ಟು ಹೊಸತು ಆಗದಿದ್ರೆ ಮುಂದಿನ ತಿಂಗಳ ರಜೆ ಖಲಾಸ್. ಸುಮ್ನೆ ಮಚ್ಚೆ ಇಡಿಸ್ಕೋ. ಮಗಳ ಮುಖ ನೋಡು.”

ಮಗಳು ಹುಟ್ಟುವ ಮೊದಲೇ ಅಪ್ಪಯ್ಯ ವಿಮಾನ ಹತ್ತಿದ್ದ. ಈಗ ಅವಳಿಗೆ ಮಾತು ಬರುತ್ತದೆ. ಅವನನ್ನು ‘ಫೋನಪ್ಪ’ ಎನ್ನುತ್ತಾಳೆ. ಅಂಗಡಿ ಮುಂದೆ ಯಾವ ಗಂಡಸು ಫೋನು ಹಿಡಿದು ನಿಂತರೂ ಅವನ ಕಾಲು ತಬ್ಬುತ್ತಾಳಂತೆ. ಹೆಂಡತಿ ನಗುತ್ತಾ ಹೇಳಿದ್ದಳು. ಅವನೂ ನಕ್ಕಿದ್ದ. ಆಮೇಲೆ ಊಟ ಇಳಿದಿರಲಿಲ್ಲ.

ಪೆನ್ನಿನ ತುದಿ ಕೆನ್ನೆಗೆ ತಾಗಿತು. ತಣ್ಣಗಿತ್ತು.

ಅಪ್ಪಯ್ಯ ಆ ಕೈಯ ಮಣಿಕಟ್ಟು ಹಿಡಿದ.

“ನನ್ನ ಗುರುತು ಬೆನ್ನಲ್ಲಿ ಉಂಟು, ಟೆರೆನ್ಸ್. ಕೆನ್ನೆ ಮುಟ್ಟಬೇಡ.”

ಪೊರ್ಬುಗಳೇ ಅನ್ನಲಿಲ್ಲ. ಸಾಲು ಅದನ್ನು ಕೇಳಿಸಿಕೊಂಡಿತು. ಟೆರೆನ್ಸ್ ಕೈ ಕೊಡವಿ ಬಿಡಿಸಿಕೊಂಡು, “ಬೋಳಿಮಗನೆ, ಇಲ್ಲೇ ಸಾಯಿ,” ಎಂದು ಅಪ್ಪಯ್ಯನ ಹಳೆಯ ಪಾಸ್‌ಪೋರ್ಟನ್ನು ಎಲ್ಲರದ್ದೂ ಇಟ್ಟುಕೊಂಡು ತಂದಿದ್ದ ಕಂಪನಿಯ ಕಬ್ಬಿಣದ ಪೆಟ್ಟಿಗೆಗೆ ಎಸೆದು ಮುಚ್ಚಳ ಹಾಕಿದ.

ಅಪ್ಪಯ್ಯ ಬರಿಮೈಯಲ್ಲೇ ಅಂಗಿಯನ್ನು ಹಿಂದಿನವನಿಗೆ ನೀಡಿದ. ಹಿಂದಿದ್ದವನು ಮೊಯ್ದಿನ್ ಕುಂಞಿ.

“ಹಾಕ್ಕೊಳ್ಳಿ ಕಾಕಾ. ನಿಮ್ಮ ಸರದಿ.”

ಮೊಯ್ದಿನ್ ಕುಂಞಿ ತನ್ನ ಒಂದೇ ಒಳ್ಳೆಯ ಅಂಗಿಯನ್ನು ಕೈಯಲ್ಲಿ ಹಿಡಿದು ನಿಂತ. ತೊಡಲಿಲ್ಲ. ಕಾಲರಿಗೆ ಉಗುಳು ಹಚ್ಚಿ ಕೆನ್ನೆಯ ಚುಕ್ಕೆಯನ್ನು ಉಜ್ಜತೊಡಗಿದ. ಮಸಿ ಹೋಗಲಿಲ್ಲ. ಉಜ್ಜಿದಷ್ಟೂ ಹರಡಿ ಅರ್ಧ ಮುಖ ನೀಲಿಯಾಯಿತು. ಅವನು ಉಜ್ಜುತ್ತಲೇ ಇದ್ದ.